ಅಕ್ಕ ಡಬ್ಬಿಗೆ ತುಂಬಿಕೊಟ್ಟ ಹಿಟ್ಟು

ಕೂಸುಗಳ ಗಂಜಿ ಕಂಡುಹಿಡಿದವರು ಯಾರು ಎಂದು ಶಹಾಪುರದಿಂದ ಬಂದ ಸಾಹೇಬರು ಕೇಳಿದಾಗ ನಾನು "ನಮ್ಮಕ್ಕ" ಎನ್ನಬೇಕಿತ್ತು. ಎನ್ನಲಿಲ್ಲ. "ನಾನ್ರಿ" ಎಂದೆ.

ಕಾಲುವೆ ನೀರು ಬಂದು ನಮ್ಮೂರು ಕೊಂಕಲ್ ಸುತ್ತಲಿನ ಹೊಲಗಳು ಭತ್ತದ ಗದ್ದೆಗಳಾಗಿದ್ದ ಕಾಲ ಅದು. ಕೂಸುಗಳಿಗೂ ಬಿಳಿ ಅಕ್ಕಿಯ ತಿಳಿಗಂಜಿಯೇ. ಹೊಟ್ಟೆ ತುಂಬುತ್ತಿತ್ತು, ಮೈ ತುಂಬುತ್ತಿರಲಿಲ್ಲ. ಅಕ್ಕನ ಮಗಳೂ ಹಾಗೇ ಬಡಕಲಾದಳು. ಸಜ್ಜೆಯ ಗಂಜಿ ಮಾಡಿದರೆ ಗಟ್ಟಿಯಾಗಿ ಗಂಟಲಿಗಿಳಿಯದು. ನೀರು ಹೆಚ್ಚಿಸಿದರೆ ಅದರಲ್ಲಿ ಸತ್ವವಿರದು. ಅಕ್ಕ ಸಜ್ಜೆಗೆ ಮೊಳಕೆ ಬರಿಸಿ, ಒಣಗಿಸಿ, ತುಸುವೇ ಹುರಿದು ಬೀಸಿದಳು. ಆ ಹಿಟ್ಟನ್ನು ಒಂದು ಪಾತ್ರೆಯಲ್ಲಿ, ಮೊಳಕೆ ಬರಿಸದ ಹಿಟ್ಟನ್ನು ಇನ್ನೊಂದರಲ್ಲಿ ಕಾಸಿ ನೋಡಿದಳು. ಹಿಟ್ಟು ಅಷ್ಟೇ, ನೀರೂ ಅಷ್ಟೇ. ಮೊಳಕೆಯದು ಮಾತ್ರ ತೆಳ್ಳಗೆ ಹರಿಯಿತು. ಮಗಳು ಬಟ್ಟಲು ಖಾಲಿ ಮಾಡಿದಳು. ಓಣಿಯ ತಾಯಂದಿರು ಬಂದು ಕಲಿತು ಹೋದರು.

ನನ್ನ ಸುಳ್ಳಿಗೆ ಶಾಲು ಸಿಕ್ಕಿತು. ಅಕ್ಕ ಅದನ್ನು ಮುಟ್ಟಿ ನೋಡಿ, "ಛಲೋ ಐತಿ" ಎಂದಳು. ಅಷ್ಟೆ.

ಆಮೇಲೆ ಸುರಪುರದಲ್ಲಿ ತಾಯಂದಿರ ಮುಂದೆ ಗಂಜಿ ಮಾಡಿ ತೋರಿಸಲು ನನ್ನನ್ನೇ ಕರೆದರು. ಅಕ್ಕನಿಗೆ ಹಿಟ್ಟು ಕೇಳಿದೆ. "ಒಯ್ಯಪ್ಪಾ ಶಾಣ್ಯಾ," ಎಂದು ಡಬ್ಬಿ ತುಂಬಿಕೊಟ್ಟಳು. "ನಾನೂ ಬರ್ತೀನಿ. ನಿನ್ನ ಕಡಿಂದ ಕಲೀಬೇಕಲ್ಲ."

ಸುರಪುರದ ಚಪ್ಪರದಲ್ಲಿ ಅದೇ ಸಾಹೇಬರೂ ಇದ್ದರು. ಅಕ್ಕ ಮುಂದಿನ ಸಾಲಿನಲ್ಲೇ ಕೂತಳು. ನಾನು ತಿರುವಿದಷ್ಟೂ ಗಂಜಿ ಗಟ್ಟಿಯಾಯಿತು, ಚಮಚ ನೆಟ್ಟಗೆ ನಿಂತಿತು. ಒಬ್ಬ ತಾಯಿಯ ಮಡಿಲಲ್ಲಿದ್ದ ಕೂಸಿನ ಬಾಯಿಗಿಟ್ಟರೆ ಅದು ಉಗುಳಿತು.

"ಏ ತಮ್ಮಾ, ಇದು ಕೂಸಿಗೋ, ಗ್ವಾಡಿಗೆ ಮೆತ್ತಾಕೋ?" ಎಂದಳು ಒಬ್ಬ ಮುದುಕಿ. ಚಪ್ಪರವೆಲ್ಲ ನಕ್ಕಿತು. ಅಕ್ಕ ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಆಗ ತಿಳಿಯಿತು, ಡಬ್ಬಿಯಲ್ಲಿದ್ದದ್ದು ಮೊಳಕೆ ಬರಿಸದ ಹಿಟ್ಟು. ಬೇಕೆಂದೇ ಕೊಟ್ಟಿದ್ದಳು. ಗುರುತು ಹಿಡಿಯುವುದೂ ನನಗೆ ಬರುತ್ತಿರಲಿಲ್ಲ.

ಅವಳು ಎದ್ದಳು. "ಸಾಹೇಬ್ರ, ಯಾರು ಕಂಡ್ಹಿಡಿದ್ರು ಅಂತ ಇನ್ನೊಮ್ಮಿ ಕೇಳ್ರಿ ಇವನ್ನ."

ನಾನು ಬಗ್ಗಿ, "ಮನ್ಯಾಗ ಮಾತಾಡೂಣು, ಅಕ್ಕಾ," ಎಂದು ಪಿಸುಗುಟ್ಟಿದೆ.

"ಮನ್ಯಾಗ ಯಾಕ? ಶಾಲು ಮನ್ಯಾಗ ಹೊತ್ಕೊಂಡಿ ಏನು? ಮಂದ್ಯಾಗ ಹೊತ್ಕೊಂಡಿ. ಮಂದ್ಯಾಗ ಹೇಳು."

ಸಾಹೇಬರು ಕಾಯುತ್ತಿದ್ದರು. ಅಕ್ಕ ಕೂರಲಿಲ್ಲ, ನನ್ನ ಮೇಲಿಂದ ಕಣ್ಣು ತೆಗೆಯಲೂ ಇಲ್ಲ.

"ಗಂಜಿ ಇಕೀದ್ರಿ, ನಮ್ಮಕ್ಕಂದು," ಎಂದೆ. "ನಾ ಸುಳ್ಳು ಹೇಳಿ ಕಸಗೊಂಡೆ. ತಪ್ಪಾತು, ಅಕ್ಕಾ."