ಇಲ್ಲಾ ಅನ್ನೂ ಅಡ್ಡಹೆಸರು

ಬಸವಲಿಂಗ ಕೆಟ್ಟವ ಅಂತ ಯಾರರ ಅಂದ್ರ ಅವರ ಬಾಯಿಗೆ ಫಿನೈಲ್ ಹಾಕಿ ತೊಳೀತೀನಿ, ಮೊದಲ ಹೇಳಿಬಿಡ್ತೀನಿ. ಹದಿನೆಂಟು ವರ್ಷ ಪುಣೆದಾಗಿನ ಒಂದೇ ದವಾಖಾನ್ಯಾಗ ಕೆಲಸ ಮಾಡೀವಿ. ನಾ ಗೌರಾಬಾಯಿ, ವಾರ್ಡಿನ ಆಯಾ. ಆತ ಮ್ಯಾಲಿನ ಮಜಲಿನ್ಯಾಗ ರೆಕಾರ್ಡ್ ರೂಮಿನ ಆಪರೇಟರ್. ಪೇಶಂಟಿನ ಹೆಸರು, ವಯಸ್ಸು, ಬ್ಯಾನಿ, ಕೊಟ್ಟ ಔಷಧ, ಎಲ್ಲಾ ಆತನ ಕಂಪ್ಯೂಟರಿನ್ಯಾಗ. ಇಂಡಿ ಕಡೆಯವ, ಆದ್ರ ಮರಾಠಿ ಇಲ್ಲಿಯವರಕಿಂತ ಚಲೋ ಬರೀತಾನ. ದಿನಾ ಮುಂಜಾನೆ ಬಂದು ಕೀಬೋರ್ಡ್ ಒರೆಸಿ, ಕಣ್ಣಿಗೆ ಒತ್ಕೊಂಡು ಕೂಡ್ತಿದ್ದ. "ಅದೇನು ನಿಮ್ಮ ಮನಿದೇವರೇನ್ರಿ?" ಅಂತ ನಾ ಕಾಡ್ತಿದ್ದೆ.

ಹಳೇ ಸಾಫ್ಟ್‌ವೇರಿನ್ಯಾಗ ಅಡ್ಡಹೆಸರು ತುಂಬಲಾರದ ಮುಂದಿನ ಖಾನೆಗೆ ಹೋಗಾಕ ಬರ್ತಿದ್ದಿಲ್ಲ. ಇಲ್ಲಿ ಮಂದಿಗೇನು, ಎಲ್ಲಾರಿಗೂ ಒಂದೊಂದು ಅದ. ವಿಮಾನ ನಗರದಾಗ ಬಿಲ್ಡಿಂಗಿಗೆ ಇಟ್ಟಂಗಿ ಹೊರೂ ನಮ್ಮ ಯಾದಗಿರಿ, ಸೇಡಂ ಕಡೆ ಮಂದಿ ಎಲ್ಲಿಂದ ತರಬೇಕು? "ಅಡ್ಡಹೆಸರು?" ಅಂತ ಬಸವಲಿಂಗ ಕೇಳಾವ. "ಇಲ್ರೀ" ಅನ್ನಾವ್ರು ಅವರು. ಈತ ಇಂಗ್ಲಿಷ್ ಅಕ್ಷರದಾಗ ಹಂಗ ಒತ್ತಿಬಿಡಾವ, 'ಇಲ್ಲಾ'. ಮಲಕಪ್ಪ ಇಲ್ಲಾ. ಚಂದ್ರಪ್ಪ ಇಲ್ಲಾ. ಮರಾಠಿ ಡಾಕ್ಟರು ಅದನ್ನ ಖರೇ ಅಡ್ಡಹೆಸರು ಅಂತ ತಿಳ್ಕೊಂಡು "ಇಲ್ಲಾಬಾಯಿ ಕಶಾ ಆಹಾತ್?" ಅಂತ, ಹೆಂಗದೀರಿ ಅಂತ ಕೇಳಿದ್ರ ನಾವಿಬ್ಬರೂ ಹೊಟ್ಟಿ ಹಿಡ್ಕೊಂಡು ನಗ್ತಿದ್ವಿ. "ಗೌರಕ್ಕ, ನನ್ನ ಇಲ್ಲದ ಬಳಗ ಬಂತು ನೋಡು" ಅಂತಿದ್ದ.

ಆ ಬಳಗದಾಗ ಒಬ್ಬಾಕಿ ಸಕ್ಕುಬಾಯಿ. ಆರು ವರ್ಷದ ಹಿಂದ ಕಾಲಿಗೆ ಸರಳು ಹೊಕ್ಕು ಬಂದಿದ್ದಳು. ಪೆನಿಸಿಲಿನ್ ಸೂಜಿ ಮಾಡಿದ್ದ ತಡ, ಮಾರಿ ಬಾತು ಕುಂಬಳಕಾಯಿ ಆತು, ಉಸಿರು ನಿಂತು ತುಟಿ ನೀಲಿ ಆದವು. ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡಿದ್ದಳು, ಉಗುರಿನ ಕಲಿ ಎಂಟು ದಿನ ಇದ್ದವು. ಹೆಂಗೋ ಉಳಿಸಿದ್ರು. "ಇದು ಇನ್ನೊಮ್ಮೆ ಮೈಗೆ ಹೋದ್ರ ಈಕಿ ಉಳ್ಯಾಂಗಿಲ್ಲ, ಬರೆದಿಡ್ರಿ" ಅಂದ್ರು ಡಾಕ್ಟರು. ಬಸವಲಿಂಗ ಆಕಿ ಎದುರಿಗೇ ಬರೆದ, ಕೆಂಪು ಅಕ್ಷರದಾಗ.

"ಆ ಸೂಜಿ ಹೆಸರು ನಂಗ ನಾಲಿಗಿಗೇ ಬರವಲ್ದ್ರೀ" ಅಂದಳು ಸಕ್ಕುಬಾಯಿ. "ಒಂದು ಚೀಟಿ ಕೊಡ್ರಿ."

"ಚೀಟಿ ಸೈಟಿನ್ಯಾಗ ತೊಯ್ದು ಹಾಳಾಗ್ತದವ್ವಾ. ಕಂಪ್ಯೂಟರ್ ಹಾಳಾಗಂಗಿಲ್ಲ. ನಿನ್ನ ಹೆಸರು ಒತ್ತಿದ್ರ ಸಾಕು, ಕೆಂಪಗ ಎದ್ದು ಬರ್ತದ" ಅಂದ ಈತ.

ಆಕಿಗೆ ಅದು ಎಷ್ಟು ಸೇರಿತು ಅಂದ್ರ, ಸೈಟಿನ ತುಂಬ ಹೇಳ್ಕೊಂತ ತಿರಗಿದಳು, ಕಂಪ್ಯೂಟರಿನ್ಯಾಗ ನನ್ನ ಹೆಸರು ಅದ ಅಂತ. ಅಡ್ಡಹೆಸರೂ ಸೇರಿತು. ಮಗ ಅಂಬಾದಾಸ ತನ್ನ ಮಗಳನ್ನ ಸಾಲಿಗೆ ಹಾಕೂ ಮುಂದ 'ಸಪ್ನಾ ಇಲ್ಲಾ' ಅಂತ ಬರೆಸಿ ಬಂದ. ನಾವು ಅದಕ್ಕೂ ನಕ್ಕಿವಿ.

ಹೋದ ವರ್ಷ ದವಾಖಾನಿ ನಡಸೂ ಟ್ರಸ್ಟಿನವರು ಹಳೇ ಸಾಫ್ಟ್‌ವೇರ್ ಬ್ಯಾಡ, ಹೊಸಾದು ತರೂಣು ಅಂದ್ರು. ಇದ್ದ ಅರವತ್ತು ಸಾವಿರ ಪೇಶಂಟಿನ ಮಾಹಿತಿ ಹಳೇದ್ರಿಂದ ಹೊಸಾದ್ರಾಗ ಹೋಗಬೇಕಲ್ಲ? ಅದಕ್ಕೂ ಒಂದು ಟೂಲ್ ಇರ್ತದಂತ. ಮನಿ ಬದಲಿ ಮಾಡೂ ಮುಂದ ಲಾರಿಗೆ ಸಾಮಾನು ಹೇರಿ ಒಯ್ತೀವಲ್ಲ, ಹಂಗ. ಆ ಟೂಲ್ ತಗೊಂಡು ಕಂಪನಿಯಿಂದ ಅಮೇಯ ಅನ್ನೂ ಇಂಜಿನಿಯರ್ ಬಂದ. ಮೆತ್ತಗ ಮಾತಾಡಾವ, ಬಸವಲಿಂಗಗ "ಕಾಕಾ ಕಾಕಾ" ಅನ್ನಾವ. ಬೈಯಾಕ ಸೈತ ಮನಸ್ಸು ಬರಬಾರದು, ಅಂಥಾವ.

ಟೂಲ್ ಪರೀಕ್ಷಾಕ್ಕ ಓಡಿಸಿದಾಗ ಒಂದ ಅಡ್ಡಹೆಸರಿನಾವ್ರು ನಾನೂರ ಹನ್ನೆರಡು ಮಂದಿ ಸಿಕ್ಕರು. "ಕಾಕಾ, ಹೇ ಇಲ್ಲಾ ಕಾಯ್ ಆಹೇ?" ಅಂತ ಕೇಳಿದ ಅಮೇಯ, ಈ ಇಲ್ಲಾ ಅಂದ್ರ ಏನು ಅಂತ.

ಬಸವಲಿಂಗಗ ಖುಷಿ ಆತು. ಇಷ್ಟು ವರ್ಷದಾಗ ಮೊದಲನೇ ಸಲ ಯಾರೋ ಕೇಳಿದ್ರಲ್ಲ! "ಅದು ನಮ್ಮ ಕನ್ನಡ. ಇಲ್ಲಾ ಅಂದ್ರ ನಾಹೀ, ಏನೂ ಇಲ್ಲ ಅಂತ ಅರ್ಥ" ಅಂತ ನಕ್ಕೋಂತ ಹೇಳಿದ. ಅಮೇಯನೂ ನಕ್ಕ. ಟೂಲಿನ್ಯಾಗ ಒಂದ ಸಾಲು ಬರೆದ: ಎಲ್ಲೆಲ್ಲಿ 'ಇಲ್ಲಾ' ಅದ, ಅಲ್ಲೆಲ್ಲಾ ಖಾನೆ ಖಾಲಿ ಮಾಡು. ಮುಂದ ಯಾರೂ ಹಂಗ ಬರೀಬಾರದು ಅಂತ ಅದ ಸಾಲನ್ನ ಹೊಸ ಸಾಫ್ಟ್‌ವೇರಿನ್ಯಾಗೂ ಕೂಡಿಸಿದ. ನಾನ ಚಾ ತಂದು ಕೊಟ್ಟೆ ಇಬ್ಬರಿಗೂ.

ಅಡ್ಡಹೆಸರು ಖಾಲಿ ಇದ್ದಾವ್ರನ್ನ ಹೊಸ ಸಾಫ್ಟ್‌ವೇರ್ ಒಳಗ ಬಿಟ್ಕೊಳ್ಳೂದಿಲ್ಲ, ಅದು ಬಸವಲಿಂಗಗ ಗೊತ್ತಿದ್ದಿಲ್ಲ. ಟೂಲ್ ಆ ನಾನೂರ ಹನ್ನೆರಡು ಮಂದೀನ ತೆಗೆದು ಬ್ಯಾರೇ ಫೈಲಿನ್ಯಾಗ ಒಗೀತು. ಕಡೀಗೆ ಹಸಿರು ಬಣ್ಣದಾಗ ಕೆಲಸ ಮುಗೀತು ಅಂತ ಬಂತು, ಕೆಳಗ ಸಣ್ಣಕ್ಷರದಾಗ '೪೧೨ ಬಿಟ್ಟದ್ದು' ಅಂತ. ಬಸವಲಿಂಗ ಅದನ್ನ ನೋಡಿದ. ಕೇಳಿದನೂ ಹೌದು.

"ಖಾಲಿ ಇದ್ದುವು ಕಾಕಾ, ಕಚರಾ" ಅಂದ ಅಮೇಯ, ಕಸ ಅನ್ನೂಹಂಗ.

ಈತ ಕೆಲಸ ಮುಗಿದ ಕಾಗದಕ್ಕ ಸಹಿ ಮಾಡಿದ. ಖಾಲಿ ಇದ್ದದ್ದು ಬರೇ ಅಡ್ಡಹೆಸರು, ಮಂದಿ ಅಲ್ಲ ಅಂತ ಆ ಹೊತ್ತಿನ್ಯಾಗ ಇಬ್ಬರ ತಲ್ಯಾಗೂ ಹೊಳೀಲಿಲ್ಲ ನೋಡ್ರಿ. ಥೂ, ಆ ಹಸಿರು ಬಣ್ಣಕ್ಕಿಷ್ಟು ಬೆಂಕಿ ಹತ್ತಲಿ!

ಏಳು ವಾರ ಆದ ಮ್ಯಾಲ, ಒಂದು ಗುರುವಾರ ಮಧ್ಯಾಹ್ನ, ಸಕ್ಕುಬಾಯಿ ಬೆರಳಿನ್ಯಾಗ ಕೀವು ತುಂಬ್ಕೊಂಡು ಬಂದಳು. ನಾ ಅವತ್ತು ತಂಗಿ ಮಗಳ ನಿಶ್ಚಯಕ್ಕ ಭೋರ್‌ಗೆ ಹೋಗಿದ್ದೆ. ಕೌಂಟರಿನ್ಯಾಗ ಮುಕ್ತಾ ಅಂತ ಹೊಸ ಹುಡಗಿ. ಹೆಸರು ಹುಡುಕಿದಳು, ಸಿಗಲಿಲ್ಲ. ಹೊಸ ಪೇಶಂಟ್ ಅಂತ ಮಾಡಿ, ಅಡ್ಡಹೆಸರಿನ ಜಾಗಾದಾಗ 'ಕಾನಡಿ' ಅಂತ, ಅಂದ್ರ ಕನ್ನಡದಾಕಿ ಅಂತ ತುಂಬಿದಳು. ಯಾವುದರ ಔಷಧ ಆಗಿ ಬರೂದಿಲ್ಲೇನು ಅಂತ ಡಾಕ್ಟರು ಮರಾಠಿಯಾಗ ಕೇಳಿದ್ರ, ಸಕ್ಕುಬಾಯಿ ಕಂಪ್ಯೂಟರಿನ ಕಡೆ ಬೆರಳು ಮಾಡಿ "ಅದರಾಗ ಅದ ರೀ, ಅದರಾಗ ಅದ" ಅಂದಳಂತ. ಡಾಕ್ಟರು ನೋಡಿದ್ರು. ಅದರಾಗ ಏನೂ ಇದ್ದಿಲ್ಲ. ಗದ್ದಲದಾಗ ಚರ್ಮದ ಮ್ಯಾಲ ಒಂದು ಹನಿ ಹಾಕಿ ಪರೀಕ್ಷಾನೂ ಮಾಡಲಿಲ್ಲ, ಸೀದಾ ಅದೇ ಪೆನಿಸಿಲಿನ್ ಸೂಜಿ ಚುಚ್ಚಿದ್ರು.

ಇಪ್ಪತ್ತು ನಿಮಿಷದಾಗ ಆಕಿ ಜೀವ ಹೋತು. ಮ್ಯಾಲಿನ ಮಜಲಿನ್ಯಾಗ ಬಸವಲಿಂಗ ಡಬ್ಬಿ ಬಿಚ್ಚಿ ಊಟಾ ಮಾಡ್ಲಿಕ್ಕತ್ತಿದ್ದ. ನಡುವ ಬರೇ ಮೂವತ್ತು ಪಾವಟಿಗಿ. ನಾ ಇದ್ದಿದ್ರ ಮಾರಿ ನೋಡಿದ ಕೂಡ್ಲೇ ಒದರತಿದ್ದೆ. ನಾ ಭೋರ್‌ದಾಗ ಜಿಲೇಬಿ ತಿನ್ನಾಕತ್ತಿದ್ದೆ.

ಅವತ್ತ ಸಂಜಿಮುಂದ ಬಸವಲಿಂಗ ಆ ಬಿಟ್ಟ ಫೈಲ್ ತೆರೆದ. ಇನ್ನೂರ ಎಂಬತ್ತೇಳನೇ ಸಾಲಿನ್ಯಾಗ ಸಕ್ಕುಬಾಯಿ ಇದ್ದಳು, ಪೆನಿಸಿಲಿನ್ ಮಾತೂ ಇತ್ತು, ಒಂದಕ್ಷರ ಅಳಿಸಿದ್ದಿಲ್ಲ. ನನಗ ಫೋನ್ ಹಚ್ಚಿ "ಗೌರಕ್ಕ, ಆಕಿ ಅದಾಳ, ಇಲ್ಲೇ ಅದಾಳ" ಅಂದ. ಮರುದಿನಾನ ವಿಚಾರಣಿ ಆತು. ಟೂಲ್ ಬಿಟ್ಟದ್ದನ್ನ ಹೇಳಿತ್ತು, ಕೆಳಗ ಬಸವಲಿಂಗನ ಸಹಿ ಇತ್ತು, ಹಿಂಗಾಗಿ ತಪ್ಪು ಯಾರದೂ ಅಲ್ಲ ಅಂತ ಬರೆದು ಮುಗಿಸಿದ್ರು. ಯಾರದೂ ಅಲ್ಲಂತ! ಬೈದಿದ್ರ ಬಸವಲಿಂಗನ ಜೀವಕ್ಕ ಹಗುರರ ಆಗ್ತಿತ್ತು.

ಮೂರನೇ ದಿನ ಸಕ್ಕುಬಾಯಿ ಗಂಡ ಹಣಮಂತ್ರಾಯ ಮರಣದ ಕಾಗದಕ್ಕ ಬಂದ. ಬೆರಳಸಂದ್ಯಾಗ ಸಿಮೆಂಟು ಹಂಗ ಇತ್ತು. ನಾನ ರೆಕಾರ್ಡ್ ರೂಮಿಗೆ ಕರಕೊಂಡು ಹೋದೆ. ಕಾಗದ ಹೊಸ ಸಾಫ್ಟ್‌ವೇರಿನಿಂದ ಹೊರಬೀಳಬೇಕು. ಬಸವಲಿಂಗ ಮಾರಿ ಎತ್ತಲಾರದ ಕೇಳಿದ, "ಕಾನಡಿ ಅಂತ ಅದ. ಇರ್ಲೇನ್ರಿ?"

"ಬ್ಯಾಡ್ರಿ ಸಾಹೇಬ್ರ. ನೀವು ಇಟ್ಟ ಹೆಸರೇ ಹಾಕ್ರಿ, ಇಲ್ಲಾ ಅಂತ. ಮೊಮ್ಮಗಳದೂ ಸಾಲ್ಯಾಗ ಅದೇ ಹೆಸರು ಅದ. ಆಕಿಗೆ ನಿಮ್ಮ ಮ್ಯಾಲ ಭಾಳ ಭರೋಸಾ ಇತ್ರಿ" ಅಂದ ಹಣಮಂತ್ರಾಯ. ಈತ ಮಾಡಿದ್ದೇನು ಅಂತ ಆತಗ ಗೊತ್ತಿದ್ದಿಲ್ಲ. ಯಾರೂ ಹೇಳಿದ್ದಿಲ್ಲ.

ಬಸವಲಿಂಗ ಒತ್ತಿದ. ಖಾನೆ ತಾನ ಖಾಲಿ ಆತು. ಕೆಳಗ ಕೆಂಪು ಅಕ್ಷರದಾಗ ಬಂತು, ಅಡ್ಡಹೆಸರು ತುಂಬ್ರಿ ಅಂತ. ಮತ್ತ ಒತ್ತಿದ, ಮತ್ತ ಅಳಿಸಿತು. ಮೂರನೇ ಸಲ ಒಂದೊಂದ ಅಕ್ಷರ, ತಡೆದು ತಡೆದು ಒತ್ತಿದ. ಅದೂ ಹೋತು. ಆತ ಕೀಬೋರ್ಡಿನ ಮ್ಯಾಲ ಹಣಿ ಹಚ್ಚಿದ. ನಾ ಬಾಗಿಲದಾಗ ನಿಂತಿದ್ದೆ.

ಹಣಮಂತ್ರಾಯ ಎದ್ದು ಬಂದು ಆತನ ಬೆನ್ನ ಮ್ಯಾಲ ಕೈ ಇಟ್ಟ.

"ಇರ್ಲಿ ಬಿಡ್ರಿ ಸಾಹೇಬ್ರ, ನೀವ್ಯಾಕ ಇಷ್ಟು ತ್ರಾಸ್ ತಗೋತೀರಿ" ಅಂದ. "ಆಗಲಿಲ್ಲಂದ್ರ ಖಾಲಿ ಬಿಟ್ಟುಬಿಡ್ರಿ."