ಯಲ್ಲವ್ವ ಕಲಿಸಿದ ಲಾಗ

ಕವಾಯತಿನ ಮಾಸ್ತರನಾದವನು ಸಾಲಿ ತಪಾಸಣೆಗೆ ಬರುವ ಇನ್‌ಸ್ಪೆಕ್ಟರ್ ಸಾಹೇಬರ ಎದುರು ಕೈಯೂರಿ ಹಿಂದಕ್ಕೆ ಲಾಗ ಹಾಕಿ ತೋರಿಸಬೇಕೆಂದು ಗೋಕಾಕದ ನಮ್ಮ ಸಾಲಿಗೆ ಹುಕುಂ ಬಂತು. ಕವಾಯತಿನ ಮಾಸ್ತರ ನಾನೇ, ನನಗೆ ಲಾಗ ಬರುತ್ತಿರಲಿಲ್ಲ. ಮೂಡಲಗಿ ಸಂತೆಯಲ್ಲಿ ಡೊಂಬರಾಟ ಆಡುತ್ತಿದ್ದ ಯಲ್ಲವ್ವನ ಹತ್ತಿರ ಕದ್ದುಮುಚ್ಚಿ ಹೋದೆ.

"ಹಿಂದ ಏನೂ ಕಾಣೂದಿಲ್ಲ, ಅಂಜಿಕಿ ಬರತೈತಿ," ಅಂದೆ.

"ಕಾಣದಿದ್ರ ಏನಾತ್ರಿ ಮಾಸ್ತರ? ನೆಲ ಎಲ್ಲಿಗೂ ಓಡಿ ಹೋಗೂದಿಲ್ಲ. ಕೈ ಊರ್ರಿ, ಕಾಲು ತಾವಾಗೇ ಬರತಾವ," ಎನ್ನುತ್ತ ನನ್ನ ಬೆನ್ನಿನ ಕೆಳಗೆ ಕೈ ಹಿಡಿದಳು. ತಿಂಗಳೊಪ್ಪತ್ತು ಬಿದ್ದು ಬಿದ್ದು ಕಲಿತೆ. ಏನು ಕೊಡಲಿ ಅಂತ ಕೇಳಿದರೆ ತಲೆ ತಗ್ಗಿಸಿ ಅಂದಳು: "ಯಾರು ಕಲಿಸಿದ್ರಂತ ಯಾರರೆ ಕೇಳಿದ್ರ ನನ್ನ ಹೆಸರು ಹೇಳ್ರಿ. ಅಷ್ಟ ಸಾಕು."

ತಪಾಸಣೆಯ ದಿನ ತಪ್ಪಿಲ್ಲದೆ ಲಾಗ ಹಾಕಿದೆ. ಯಾರು ಕಲಿಸಿದರೆಂದು ಸಾಹೇಬರು ಕೇಳಿಯೇ ಕೇಳಿದರು. ಊರ ಹಿರಿಯರೆಲ್ಲ ಕುರ್ಚಿಯಲ್ಲಿ ಕೂತಿದ್ದರು. ಯಲ್ಲವ್ವ ಸಾಲಿಯ ಗೋಡೆಯಾಚೆ ಬಿಸಿಲಲ್ಲಿ ನಿಂತಿದ್ದಳು. ಡೊಂಬರಾಟದಾಕಿ ನನ್ನ ಗುರು ಅನ್ನಲು ಅಂಜಿದೆ.

"ಬೆಳಗಾವಿ ಗರಡಿಯೊಳಗ ಕಲತೇನ್ರಿ ಸಾಹೇಬ್ರ," ಅಂದುಬಿಟ್ಟೆ.

ಮುಂದಿನ ಸಂತೆಯಲ್ಲಿ ಎದುರಾದಳು. ಹೆಸರಿನ ಮಾತೇ ಎತ್ತಲಿಲ್ಲ.

"ಲಾಗ ಹಾಕೂ ಮುಂದ ಅಂಜಿಕಿ ಬಂತೇನ್ರಿ?" ಅಂದಳು.

"ಲಾಗ ಹಾಕೂ ಮುಂದ ಬರಲಿಲ್ಲವ್ವ," ಅಂದೆ. ಆ ದಿನದ ಬಗ್ಗೆ ನಾನು ಆಡಿದ ಖರೆ ಮಾತು ಅದೊಂದೇ.