ತಾಡಪತ್ರಿ ಚೀಲದ ಅಕ್ಕೋರು

ನನಗಾಗ ನಲವತ್ತೊಂದು. ಈಗ ಎಪ್ಪತ್ತೇಳು. ಲೆಕ್ಕ ನೀವೇ ಹಾಕಿಕೊಳ್ಳಿ, ಎಷ್ಟು ವರ್ಷದ ಹಿಂದಿನ ಮಾತು ಅಂತ.

ಅಕ್ಕೋರ ಬೆನ್ನ ಮೇಲೆ ಒಂದು ಹಸಿರು ಚೀಲ. ಕೈಯಲ್ಲಿ ಹಿಡಿಯುವ ಚೀಲ ಅಲ್ಲ, ತಲೆ ಮೇಲೆ ಹೊರುವ ಗಂಟೂ ಅಲ್ಲ. ಎರಡೂ ಹೆಗಲಿಗೆ ಪಟ್ಟಿ ಹಾಕಿ, ಕೂಸು ಕಟ್ಟಿಕೊಂಡವರ ಹಾಗೆ ಬೆನ್ನಿಗೆ ಏರಿಸಿದ ಚೀಲ. ಅಕ್ಕೋರು ಗಿಡ್ಡ. ಹಿಂದಿನಿಂದ ನೋಡಿದರೆ ಚೀಲಕ್ಕೇ ಎರಡು ಕಾಲು ಬಂದು ಬ್ಯಾಡಗಿ ಪೇಟೆಯಲ್ಲಿ ನಡೆದು ಹೊಂಟಂಗೆ ಕಾಣುತ್ತಿತ್ತು.

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುತ್ತೇವೆ. ಇವರು ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ನೌಕರಿ ಮುಗಿಸಿದವರು. ಮದುವೆ ಆಗಿರಲಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ತಮ್ಮನ ಮನೆಯಲ್ಲಿ ಇದ್ದರು. ತಮ್ಮನದು ಕಿರಾಣಿ ಅಂಗಡಿ. ಅವರ ಮನೆಯ ಎದುರು ನನ್ನ ಮನೆ. ನಾನು ಗಂಡ ಸತ್ತವಳು, ಮೆಣಸಿನಕಾಯಿ ತುಂಬು, ಅಂದರೆ ತೊಟ್ಟು, ಬಿಡಿಸಿ ಮಗನನ್ನು ದೊಡ್ಡವನನ್ನಾಗಿ ಮಾಡಿದವಳು. ಉರಿಯುವ ಕೈ ಬಿಟ್ಟರೆ ನನ್ನ ಹತ್ತಿರ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಸಾಲಿ ಹುಡುಗರನ್ನು ಹಂಪಿಗೆ ಕರೆದುಕೊಂಡು ಹೋದಾಗ ಅಕ್ಕೋರು ಒಬ್ಬ ಬಿಳಿ ಹುಡುಗಿಯನ್ನು ನೋಡಿದ್ದರಂತೆ. ಬೆನ್ನಿಗೆ ಚೀಲ, ಎರಡೂ ಕೈ ಖಾಲಿ. "ಆಕಿ ಕೈ ಬೀಸಿಕೊಂಡು ನಡದ ಚಂದ ನೋಡಬೇಕಿತ್ತು ತಂಗಿ. ನಮ್ಮ ಕೈ ಯಾವಾಗ ಖಾಲಿ ಇದ್ದಾವು?" ಅನ್ನುತ್ತಿದ್ದರು. ಪೆನ್ಶನ್ ಆದ ತಿಂಗಳೇ ಲಾರಿಯ ಮಾಲಿಗೆ ಹೊಚ್ಚುವ ತಾಡಪತ್ರಿ ಹೊಲಿಯುವವನ ಹತ್ತಿರ ಹೋಗಿ ಅಂಥದೇ ಚೀಲ ಹೊಲಿಸಿದರು. ಆತ ಹಾಕಿದ್ದು ಹಳೇ ತಾಡಪತ್ರಿ, ಮೆಣಸಿನಕಾಯಿ ರಾಶಿಗೆ ಹೊಚ್ಚಿ ಹೊಚ್ಚಿ ಸವೆದದ್ದು. ಎಷ್ಟು ಸೋಪು ಹಾಕಿ ತೊಳೆದರೂ ಘಾಟು ಹೋಗಲಿಲ್ಲ. ಬಿಸಿಲಿಗೆ ಕಾದರೆ ಪಕ್ಕದವರು ಸೀನಬೇಕು.

"ನೇಪಾಳಕ್ಕ ಹೋಗತೇನಿ" ಅಂದರು ಮನೆಯಲ್ಲಿ. "ಮೂವತ್ತು ವರ್ಷ ಹಲಗಿ ಮ್ಯಾಲೆ ಸುಣ್ಣದಕಡ್ಡಿಲೆ ಹಿಮಾಲಯ ಬರದೇನಿ. ಖರೇ ಬರದೇನೋ ಸುಳ್ಳ ಬರದೇನೋ ನೋಡಬೇಕು."

ಊಟಕ್ಕೆ ಕುಂತಿದ್ದ ತಮ್ಮ ತಾಟು ಬಿಟ್ಟು ಎದ್ದ. ನಾನು ಅವತ್ತು ಮಜ್ಜಿಗೆ ಕೇಳಲಿಕ್ಕೆ ಹೋದವಳು ಬಾಗಿಲಲ್ಲೇ ನಿಂತಿದ್ದೆ, ಎಲ್ಲ ಕೇಳಿದೆ.

"ಅಕ್ಕಾ, ತಲಿ ಕೆಟ್ಟೈತೇನು? ಪರದೇಶ ಅದು. ಹೆಣ್ಣಮಗಳು ಒಬ್ಬಾಕಿ!"

"ಒಬ್ಬಾಕಿ ಅಲ್ಲೋ. ಈಕಿ ಬರತಾಳ" ಅಂತ ನನ್ನ ಕಡೆ ಬೆರಳು ಮಾಡಿದರು. ನನಗೇ ಗೊತ್ತಿರಲಿಲ್ಲ.

"ಈಕೀನಾ? ದೇವರಗುಡ್ಡದಾಚೆ ಕಾಲಿಟ್ಟಿಲ್ಲ ಈಕಿ!"

"ಎಲ್ಲಿ ಬೇಕಂದ್ರ ಅಲ್ಲಿ ನಿದ್ದಿ ಮಾಡತಾಳ. ಏನ ಕೊಟ್ರೂ ತಿಂತಾಳ. ಬಾಯಿ ದೊಡ್ಡದೈತಿ. ತಿರಗಾಟಕ್ಕ ಇನ್ನೇನ ಬೇಕು?"

ತಮ್ಮ ಸುಮ್ಮನೆ ಒಪ್ಪುವ ಪೈಕಿ ಅಲ್ಲ. ವ್ಯಾಪಾರಿ. ಕೈ ತೊಳೆದು ಬಂದು ಅಂದ: "ಒಂದ ಮಾತು. ಅಲ್ಲಿಂದ 'ಬರ್ರಿ, ಕರಕೊಂಡು ಹೋಗ್ರಿ' ಅಂತ ಒಂದ ತಾರು ಬಂತೋ, ಮುಂದ ಈ ಹೊಸ್ತಿಲಾ ದಾಟೂ ಮಾತು ತಗೀಬಾರದು ನೀ. ಮನಿ, ಗುಡಿ, ನನ್ನ ಮೊಮ್ಮಕ್ಕಳು. ಅಷ್ಟ."

"ಬರಲಿಲ್ಲಂದ್ರ?"

"ಬರಲಿಲ್ಲಂದ್ರ ಎಲ್ಲಿಗೆ ಹೊಂಟಿ ಅಂತ ನಾ ನಿನ್ನ ಕೇಳಂಗಿಲ್ಲ."

"ಸಾಯೂತನಕ?"

"ಸಾಯೂತನಕ ಕೇಳಂಗಿಲ್ಲ, ಹೋಗ."

ಹೀಗೆ ಅಕ್ಕೋರ ಮುಂದಿನ ಬಾಳೆಲ್ಲ ಒಂದು ತಾರಿಗೆ, ಒಂದು ಟೆಲಿಗ್ರಾಮಿಗೆ ಕಟ್ಟುಬಿತ್ತು.

ರೈಲು ಹತ್ತಿದೆವು, ಇಳಿದೆವು, ಮತ್ತೆ ಹತ್ತಿದೆವು. ಗೋರಖಪುರ ಅಂತ ಒಂದು ಊರು ಬಂತು. ಅಲ್ಲಿಂದ ಬಸ್ಸು. ಗಡಿ ಅಂದರೆ ದೊಡ್ಡ ಗೋಡೆ ಇರುತ್ತದೆ ಅಂದುಕೊಂಡಿದ್ದೆ. ನೋಡಿದರೆ ಒಂದು ಕಮಾನು, ಕೆಳಗೆ ಸೈಕಲ್ಲು, ಕೋಳಿ, ಮಂದಿ.

"ಇಷ್ಟ ಏನ್ರಿ ಪರದೇಶ ಅಂದ್ರ?" ಅಂದೆ.

"ಇಷ್ಟ. ಅಗಡಿ ದಾಟಿ ಹಾವೇರಿಗೆ ಹೋದಂಗ" ಅಂದರು. ಆದರೆ ಕಮಾನಿನ ಕೆಳಗೆ ಬರುವಾಗ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ದಾಟಿದರು. ಮೊದಲ ಸಲ ಪರದೇಶದ ಮಣ್ಣು ಕಾಲಿಗೆ ಹತ್ತಲಿ ಅಂತ. ಹತ್ತಿದ್ದು ಮಣ್ಣಲ್ಲ, ಸೆಗಣಿ. ನಾನು ನಕ್ಕೆ. ಅವರೂ ನಕ್ಕರು, ಕಾಲು ತೊಳೆದುಕೊಂಡು ನಡೆದರು.

ಅಕ್ಕೋರ ಜೊತೆ ತಿರುಗುವುದು ಅಂದರೆ ಹೀಗೆ. ಹೊಸ ಊರಿಗೆ ಹೋದ ಕೂಡಲೇ ಬಾಳೆಹಣ್ಣು ಮಾರುವವರ ಹತ್ತಿರ ಹೋಗಿ ದಾರಿ ಕೇಳುವರು. ದಾರಿ ಗೊತ್ತಿದ್ದರೂ ಕೇಳುವರು. "ಕೇಳಿದ್ರ ನಮ್ಮದೊಂದು ಮಾರಿ ಅವರಿಗೆ ನೆನಪಿರತೈತಿ" ಅನ್ನುವರು. ತಂದಿದ್ದು ಎರಡೆರಡು ಸೀರೆ. ಒಗೆದರೆ ಒಣಗಿಸಲಿಕ್ಕೆ ಜಾಗ ಇಲ್ಲ. ಅದಕ್ಕೆ ಸೀರೆಯ ಒಂದು ತುದಿ ಅವರು, ಒಂದು ತುದಿ ನಾನು ಹಿಡಿದು, ರಸ್ತೆಗುಂಟ ನಡೆಯುವುದು. ಕಾಠ್ಮಂಡು ಪೇಟೆಯೊಳಗೆ ನಮ್ಮ ಇಲಕಲ್ಲ ಸೀರೆ ಗಾಳಿಗೆ ಉಬ್ಬಿಕೊಂಡು ಹೋಗುತ್ತಿದ್ದರೆ ಆ ಮಂದಿ ದೇವರ ಮೆರವಣಿಗೆ ಅಂತ ತಿಳಿದು ಬದಿಗೆ ಸರಿದು ಕೈ ಮುಗಿದರು. ಅಕ್ಕೋರು ತಲೆ ಬಾಗಿಸಿ ನಮಸ್ಕಾರ ತಗೊಂಡರು. ನಾಚಿಕೆ ಅನ್ನುವುದು ಆ ಹೆಣ್ಣುಮಗಳ ಮೈಯಲ್ಲೇ ಇರಲಿಲ್ಲ.

ಆದರೆ ಹಿಮಾಲಯ ಕಾಣಲಿಲ್ಲ. ದಿನಾ ಮೋಡ. ಅಕ್ಕೋರು ಮುಂಜಾನೆ ಎದ್ದು ಮಾಳಿಗೆ ಹತ್ತುವರು, ಬೂದಿ ಬಣ್ಣದ ಆಕಾಶ ನೋಡಿ ಇಳಿದು ಬರುವರು. ಪೋಖರಾ ಅನ್ನುವ ಊರಿನಿಂದ ಚಲೋ ಕಾಣುತ್ತದೆ ಅಂತ ಯಾರೋ ಹೇಳಿದರು. ಬಸ್ ಸ್ಟ್ಯಾಂಡಿಗೆ ಹೋದೆವು. ಅಲ್ಲಿ ಆಯಿತು ನೋಡಿ.

ನಮ್ಮ ಕಡೆ ಬಸ್ಸು ಬಂದರೆ ಏನು ಮಾಡುತ್ತೇವೆ? ಬಾಗಿಲಿಗೆ ಮಂದಿ ಮುಕುರಿಕೊಂಡಿರುತ್ತಾರೆ. ನಾವು ಕಿಟಕಿಯೊಳಗಿಂದ ಟವೆಲ್ಲೋ ಚೀಲವೋ ಒಗೆದು ಸೀಟು ಹಿಡಿಯುತ್ತೇವೆ. ಒಗೆದಿತ್ತೋ, ಆ ಸೀಟು ನಮ್ಮದು. ಯಾರೂ ಮುಟ್ಟುವುದಿಲ್ಲ. ಅಕ್ಕೋರು ಇದರೊಳಗೆ ಎತ್ತಿದ ಕೈ, ಮೂವತ್ತು ವರ್ಷದ ರೂಢಿ. ಬಸ್ಸು ಕಂಡದ್ದೇ ತಡ, ಬೆನ್ನಿನ ಚೀಲ ಕಳಚಿದರು, ಕಿಟಕಿಯೊಳಗೆ ಒಗೆದರು, "ಹಿಡದೆ ತಂಗಿ, ಎರಡು ಸೀಟು!" ಅಂತ ಒದರಿದರು. ಬಾಗಿಲ ಕಡೆ ಓಡಿದೆವು. ಬಾಗಿಲು ಮುಚ್ಚಿತ್ತು. ಅದು ಬರುವ ಬಸ್ಸಲ್ಲ, ಹೊರಟ ಬಸ್ಸು. ಪೋಖರಾದ್ದೂ ಅಲ್ಲ. ಹೊಗೆ ಬಿಟ್ಟು ಹೋಗೇಬಿಟ್ಟಿತು.

ಚೀಲದೊಳಗೆ ಏನಿತ್ತು? ರೊಕ್ಕ. ವಾಪಸ್ ಬರುವ ರೈಲಿನ ಚೀಟಿ. ಸ್ವೆಟರು. ಕಟಕ ರೊಟ್ಟಿ. ನನ್ನ ಸೊಂಟದ ಸಂಚಿಯೊಳಗೆ ಎಲೆ ಅಡಿಕೆ, ಸ್ವಲ್ಪ ಚಿಲ್ಲರೆ.

ಎದುರಿಗೇ ಅಂಚೆ ಕಚೇರಿ. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ.

"ತಾರು ಹೊಡೀರಿ ಅಕ್ಕೋರ. ಇನ್ನೇನ ಮಾಡತೀರಿ? ಮಾನ ಹೋದ್ರ ಹೋಗಲಿ, ಮನಿ ಮುಟ್ಟೂಣು."

ಅವರು ಕಚೇರಿಯ ಮೆಟ್ಟಿಲ ಮೇಲೆ ಕುಂತರು. ಮುಖ ಸುಣ್ಣದ ಹಾಗೆ ಆಗಿತ್ತು. "ಸಾಯೂತನಕ ಮೊಮ್ಮಕ್ಕಳ ಮೂಗ ಒರಸಬೇಕು ನೋಡ ತಂಗಿ" ಅಂದರು. ನನ್ನ ಕಡೆ ಕೈ ಚಾಚಿದರು. ಎಲೆ ಮಡಚಿ ಕೊಟ್ಟೆ. ಅಗಿದರು, ಅಗಿದರು. ಒಮ್ಮೆಲೆ ಅಗಿಯುವುದು ನಿಂತಿತು.

"ತಂಗಿ, ಹೊತ್ತು ಇಳೀಲಿಕ್ಕತ್ತೈತಿ. ಈ ಹೊತ್ತಿನಾಗ ಸಣ್ಣ ಬಸ್ಸು, ಮ್ಯಾಲೆ ಕೋಳಿ ಬುಟ್ಟಿ ಹೇರಿಕೊಂಡು ಎಲ್ಲಿಗೆ ಹೋಗತೈತಿ?"

"ಹಳ್ಳಿಗೆ."

"ಹೋಗಿ?"

"ಅಲ್ಲೇ ವಸ್ತಿ ಮಾಡತೈತಿ. ಮುಂಜಾನೆ ಬರತೈತಿ."

"ಹಂಗಾರ ನಮ್ಮ ಚೀಲಾನೂ ಅಲ್ಲೇ ವಸ್ತಿ. ಏಳ!"

ನಮ್ಮೂರ ವಸ್ತಿ ಗಾಡಿಯೂ ಅಷ್ಟೇ, ಸಂಜೆ ಹಳ್ಳಿಗೆ ಹೋಗಿ ರಾತ್ರಿ ನಿಂತು ಮುಂಜಾನೆ ತಿರುಗಿ ಬರುತ್ತದೆ. ಮುಂಜಾನೆತನಕ ಕಾದರೆ ಬಸ್ಸು ಬರುತ್ತದೆ, ಚೀಲ ಬರುವುದಿಲ್ಲ, ಯಾರದೋ ಮನೆ ಸೇರಿರುತ್ತದೆ. ಈಗಲೇ ಬೆನ್ನು ಹತ್ತಬೇಕು. ಅಕ್ಕೋರು ಬಸ್ ಸ್ಟ್ಯಾಂಡಿನ ಬಾಗಿಲಲ್ಲಿ ಕುಂತಿದ್ದ ಬಾಳೆಹಣ್ಣಿನವಳ ಹತ್ತಿರ ಓಡಿದರು. ಮುಂಜಾನೆ ಆಕೆಯ ಹತ್ತಿರ ಬೇಕಿಲ್ಲದ ದಾರಿ ಕೇಳಿದ್ದರಲ್ಲ, ಆಕೆಗೆ ಇವರ ಮುಖ ನೆನಪಿತ್ತು. ಬಸ್ಸಿನ ಊರು ಹೇಳಿದಳು. ಆ ಕಡೆ ಹೊರಟಿದ್ದ ಸಿಮೆಂಟಿನ ಲಾರಿಯವನನ್ನು ಕೂಗಿ ನಿಲ್ಲಿಸಿ ನಮ್ಮನ್ನು ಹತ್ತಿಸಿದಳು. ಊರಿನ ಹೆಸರು ನನ್ನ ನಾಲಗೆಗೆ ಅವತ್ತೂ ಹತ್ತಲಿಲ್ಲ, ಇವತ್ತೂ ಹತ್ತುವುದಿಲ್ಲ.

ಗುಡ್ಡ ಸುತ್ತಿ ಸುತ್ತಿ ಲಾರಿ ಏರಿತು. ಇಳಿದಾಗ ನಾವಿಬ್ಬರೂ ಸಿಮೆಂಟು ಬಳಿದ ಗೊಂಬೆಗಳು. ಊರ ಹೊರಗೆ ಬಸ್ಸು ನಿಂತಿತ್ತು. ಖಾಲಿ. ಕಂಡಕ್ಟರ್ ಗಾಲಿ ತೊಳೆಯುತ್ತಿದ್ದ. ಅಕ್ಕೋರು ಸಾಲಿ ಹಿಂದಿಯಲ್ಲಿ, ಹಸಿರು ಚೀಲ ನೋಡಿದೆಯಾ ಅಂತ ಕೇಳಿದರು. ಅವನಿಗೆ ತಿಳಿಯಲಿಲ್ಲ. ನನಗೆ ತಡೆಯಲಿಲ್ಲ. ಬೆನ್ನು ತೋರಿಸಿ, ಮೂಗು ಹಿಡಿದು, "ಆಕ್ಷೀ!" ಅಂದೆ.

ಅವನ ಕಣ್ಣು ದೊಡ್ಡವಾದವು. ಬಕೆಟ್ಟು ಒಗೆದು ಬಾಯಿಗೆ ಬಂದದ್ದು ಬೈದ. ದಾರಿಯುದ್ದಕ್ಕೂ ಬಸ್ಸಿನ ಮಂದಿಯೆಲ್ಲ ಸೀನಿದ್ದರಂತೆ. ಡ್ರೈವರ್ ಸೀನಿ ಸೀನಿ ತಿರುವಿನಲ್ಲಿ ಗಾಡಿ ನಿಲ್ಲಿಸಿದ್ದನಂತೆ. ಬೈಯುತ್ತಲೇ ನಮ್ಮನ್ನು ಒಂದು ಮನೆಗೆ ಕರೆದೊಯ್ದ. ಅಲ್ಲಿ ಒಬ್ಬಳು ಮುದುಕಿ, ಮೂಗು ಕೆಂಪಾಗಿತ್ತು. ಚೀಲ ಬಿದ್ದದ್ದು ಆಕೆಯ ತೊಡೆಯ ಮೇಲೆ. ಆಕೆ ಅದನ್ನು ಅಂಗಳದ ಗೂಟಕ್ಕೆ ತೂಗು ಹಾಕಿದ್ದಳು, ದೂರ. ಬಿಚ್ಚಿರಲಿಲ್ಲ. ಬಿಚ್ಚಲಿಕ್ಕೆ ಧೈರ್ಯ ಬಂದಿರಲಿಲ್ಲ ಅಂತ ಕಾಣುತ್ತದೆ.

ಅಕ್ಕೋರು ಚೀಲ ಅಪ್ಪಿಕೊಂಡು ಸೀನಿದರು.

ಮುದುಕಿ ಅನ್ನ ಹಾಕಿದಳು. ಬದಿಗೆ ಗುಂಡಗಿನ ಕೆಂಪು ಮೆಣಸಿನಕಾಯಿ ಇಟ್ಟಳು, ಬಾರಿಹಣ್ಣಿನಷ್ಟು. ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕೆ ಬೆಂಕಿ, ನಾಲಗೆಗೆ ತಣ್ಣಗೆ. ಕೆಂಪು ಕಂಡರೆ ನಾವು ಅಂಜುವ ಮಂದಿ ಅಲ್ಲ. ಎರಡು ಒಟ್ಟಿಗೆ ಬಾಯಿಗೆ ಹಾಕಿದೆ. ಆಮೇಲೆ ಏನಾಯಿತು ಅಂತ ನನಗೆ ಸರಿ ನೆನಪಿಲ್ಲ. ಆ ಮನೆಯ ಮಜ್ಜಿಗೆ ಮುಗಿಯಿತು ಅಂತ ಅಕ್ಕೋರು ಹೇಳಿದರು. ಮುದುಕಿ ಬೊಚ್ಚು ಬಾಯಿ ತೆಗೆದು ನಕ್ಕದ್ದು ಮಾತ್ರ ಕಂಡಿತು.

ಮುಂಜಾನೆ ಅಕ್ಕೋರು ನನ್ನನ್ನು ಒದ್ದು ಎಬ್ಬಿಸಿದರು. ಸುಳ್ಳಲ್ಲ, ಕಾಲಿನಿಂದಲೇ. ಹೊರಗೆ ಬಂದೆ. ಮೋಡ ಕೆಳಗೆ ಬಿದ್ದಿತ್ತು, ನಮ್ಮ ಕಾಲಿನ ಕೆಳಗೆ. ಎದುರಿಗೆ ಈ ತುದಿಯಿಂದ ಆ ತುದಿತನಕ ಬೆಳ್ಳಗೆ ನಿಂತಿತ್ತು. ನೋಡುತ್ತ ನೋಡುತ್ತ ಕೆಂಪಾಯಿತು, ಪೇಟೆಯ ಕಣದಲ್ಲಿ ರಾಶಿ ಸುರಿದ ಹಾಗೆ.

ಅಕ್ಕೋರು ಬೆರಳಿನಿಂದ ಗಾಳಿಯಲ್ಲಿ ಅದರ ಅಂಚು ಬರೆದು ನೋಡಿದರು. ಆಮೇಲೆ, "ನಾ ಸಣ್ಣದು ಬರದಿದ್ನಲ್ಲ ತಂಗಿ" ಅಂದರು.

"ಹಲಗಿ ಸಣ್ಣದಿತ್ತು ಬಿಡ್ರಿ" ಅಂದೆ.

ಕೆಳಗಿಳಿದ ಮೇಲೆ ಅದೇ ಅಂಚೆ ಕಚೇರಿಗೆ ಸೀದಾ ಹೋದರು. ನಾನು ಅವರ ಸೆರಗು ಹಿಡಿದು ಜಗ್ಗಿದೆ. "ತಾರು ಯಾಕ್ರಿ ಈಗ? ಚೀಲ ಸಿಕ್ಕೈತಲ್ಲ!"

"ಕರಕೊಂಡು ಹೋಗ್ರಿ ಅಂತ ತಾರು ಬರಬಾರದು ಅಂದಿದ್ದ. ತಾರೇ ಬರಬಾರದು ಅಂದಿರಲಿಲ್ಲ" ಅಂದರು. ಕಣ್ಣೊಳಗೆ ಹುಡುಗಾಟ.

ಇಲ್ಲಿ ಬ್ಯಾಡಗಿಯಲ್ಲಿ ಆದದ್ದನ್ನು ತಮ್ಮನ ಹೆಂಡತಿ ನನಗೆ ಹೇಳಿದಳು. ಲಕೋಟೆ ಕೈಗೆ ಬಂದದ್ದೇ ತಡ, ಆತ ಒಡೆಯದೇ ಓಣಿಯೆಲ್ಲ ತಿರುಗಿದನಂತೆ. "ಬಂತು ನೋಡ್ರಿ ತಾರು! ನಾ ಹೇಳಿದ್ನೋ ಇಲ್ಲೋ!" ಇಪ್ಪತ್ತು ಮಂದಿ ಕೂಡಿದರು. ಇಂಗ್ಲಿಷು ಬರುವ ದಲಾಲಿ ಅಂಗಡಿಯ ಗುಮಾಸ್ತನ ಕೈಗೆ ಕೊಟ್ಟು ಓದಿಸಿದ. ಗುಮಾಸ್ತ ಓದಿದ: "ಹಿಮಾಲಯ ಕಂಡಿತು. ಆರಾಮ ಇದ್ದೇವೆ. ಇನ್ನೂ ಒಂದು ವಾರ ತಡ." ಓಣಿ ನಕ್ಕದ್ದು ಸ್ಟೇಷನ್ನಿನತನಕ ಕೇಳಿತಂತೆ.

ವಾರದ ಮೇಲೆ ರೈಲು ಇಳಿದೆವು. ತಮ್ಮ ಟಾಂಗಾ ತಂದಿದ್ದ. ಅಕ್ಕೋರು ಹತ್ತಲಿಲ್ಲ. ಚೀಲ ಬೆನ್ನಿಗೇರಿಸಿ, ಎರಡೂ ಕೈ ಬೀಸಿಕೊಂಡು, ಪೇಟೆಯ ನಟ್ಟನಡುವೆ ನಡೆದರು. ಅಂಗಡಿಯವರು ತಕ್ಕಡಿ ಬಿಟ್ಟು ಎದ್ದು ನಿಂತರು. ಖಾಲಿ ಟಾಂಗಾ ಹಿಂದೆ ಹಿಂದೆ ಬಂತು. ಪಕ್ಕದಲ್ಲಿ ನಾನೂ ಕೈ ಬೀಸಿದೆ. ಮೊದಲು ಹೇಗೆ ಬೀಸಬೇಕು ತಿಳಿಯಲಿಲ್ಲ, ಆಮೇಲೆ ರೂಢಿ ಆಯಿತು.

ತಮ್ಮ ಮಾತಿನ ಮನುಷ್ಯ. ಮತ್ತೆ ಒಮ್ಮೆಯೂ ಕೇಳಲಿಲ್ಲ. ನೇಪಾಳಕ್ಕೆ ಇನ್ನೊಮ್ಮೆ ಹೋದೆವು, ಭೂತಾನಕ್ಕೆ ಹೋದೆವು. ಅಲ್ಲಿ ಒಂದು ಮಠದಲ್ಲಿ ನಾನು ಮಲಗಿದ ಜಾಗ ದೇವರ ಮುಂದಿನ ಹಾಸು ಅಂತ ಮುಂಜಾನೆ ತಿಳಿಯಿತು. ಆ ಸ್ವಾಮಿಗಳು ಬೈಯಲಿಲ್ಲ, ಚಹಾ ಕೊಟ್ಟರು, ಬೆಣ್ಣೆ ಹಾಕಿದ್ದು.

ಬಸ್ಸಿಗೆ ಚೀಲ ಒಗೆಯುವುದನ್ನು ಅಕ್ಕೋರು ಬಿಡಲಿಲ್ಲ. ಆದರೆ ಒಂದು ಕಾಯಿದೆ ಮಾಡಿದರು: "ಮೊದಲ ಬೋರ್ಡು, ಆಮ್ಯಾಲೆ ಚೀಲ. ನಾ ಒಗಿಯೂ ಗಡಿಬಿಡ್ಯಾಗ ಓದಂಗಿಲ್ಲ. ನೀ ಓದಬೇಕು." ಹಾಗಾಗಿ ನನಗೆ ಅಕ್ಷರ ಕಲಿಸಿದರು, ಸಾಲಿಯಲ್ಲಿ ಅಲ್ಲ, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಂತು. ಹಾವೇರಿಯಿಂದ 'ಹಾ' ಕಲಿತೆ, ರಾಣೇಬೆನ್ನೂರಿನಿಂದ 'ರಾ'. ನನಗೆ ಬರುವ ಅಕ್ಷರ ಎಲ್ಲ ಯಾವುದೋ ಒಂದು ಊರಿಗೆ ಹೋಗುತ್ತವೆ. ಇದನ್ನು ಬರೆಯುತ್ತಿರುವುದೂ ಅವುಗಳಿಂದಲೇ.

ಆ ಮೊದಲ ತಿರುಗಾಟಕ್ಕೆ ಹತ್ತು ವರ್ಷ ತುಂಬುವ ಮೊದಲೇ ಅಕ್ಕೋರು ತೀರಿಕೊಂಡರು. ಎದೆನೋವು, ಒಂದೇ ದಿನ. ಹೋಗುವ ಮುಂಚೆ ಚೀಲ ತೂಗು ಹಾಕಿದ್ದ ಗೂಟದ ಕಡೆ ಕೈ ಮಾಡಿ, "ಅದು ನಿಂದು. ತೂಗು ಹಾಕಬ್ಯಾಡ ಮತ್ತ" ಅಂದರು. ಮಣ್ಣು ಮಾಡಿ ಬಂದೆವು. ನಾನು ಅಳಲಿಲ್ಲ. ಅಳುವವರು ಬೇಕಾದಷ್ಟು ಮಂದಿ ಇದ್ದರು.

ಮರುದಿನ ಮುಂಜಾನೆ ಚೀಲ ಬೆನ್ನಿಗೇರಿಸಿ ಹೊರಗೆ ಬಂದೆ. ಎದುರು ಕಟ್ಟೆಯ ಮೇಲೆ ಅಕ್ಕೋರ ತಮ್ಮ ಕುಂತಿದ್ದ. ನನ್ನನ್ನು ನೋಡಿದ, ಚೀಲ ನೋಡಿದ. ಬಾಯಿ ತೆರೆದ. ಮುಚ್ಚಿದ. ಕಟ್ಟೆಯಿಂದ ಕಾಲು ಎಳೆದುಕೊಂಡು ನನಗೆ ದಾರಿ ಬಿಟ್ಟ. ನಾನು ಬಸ್ ಸ್ಟ್ಯಾಂಡಿಗೆ ನಡೆದೆ. ಬಸ್ಸು ಬಂತು. ಮೊದಲು ಬೋರ್ಡು ಓದಿದೆ, ಪೂರ್ತಿ. ಆಮೇಲೆ ಚೀಲ ಕಳಚಿ ಕಿಟಕಿಯೊಳಗೆ ಒಗೆದೆ. ಒಳಗಿನಿಂದ ಯಾರೋ ಸೀನಿದರು. ನಾನು ಬಾಗಿಲ ಕಡೆ ಹೋದೆ.